ಗೇಟಿನ ಮುಂದೆ ನಿಂತ ಟಗರು

ಗೂಡ್ಸ್ ಗಾಡಿಯೊಂದು ಹಾದುಹೋಗುವಷ್ಟು ಹೊತ್ತಿನಲ್ಲಿ ಅಮೃತಬಾಯಿಯ ಮದುವೆ ಗೊತ್ತಾಗಿತ್ತು. ತಾಂಡೂರಿನ ಅಂಚಿನ ರೈಲು ಗೇಟು ಬಿದ್ದಿತ್ತು. ಈಚೆ ಅವಳಪ್ಪನ ಕುರಿಹಿಂಡು, ಅದರ ಬೆನ್ನಿಗೆ ಶಿವರಾಯನ ಅಪ್ಪನದು. ಸುಮ್ಮನೆ ನಿಲ್ಲಲಾರದೆ ಇಬ್ಬರೂ ಮಾತು ತೆಗೆದರು. ಗೇಟು ಏಳುವ ಹೊತ್ತಿಗೆ ಬೀಗರಾಗಿದ್ದರು. ಆ ಊರೇ ಹಾಗೆ. ಹಾಸುಗಲ್ಲು ಹೇರಿದ ಬಂಡಿ, ಮಿಲ್ಲಿಗೆ ಹೊರಟ ತೊಗರಿ ಚೀಲ, ಮಾಸ್ತರು, ಹೆರಿಗೆಗೆ ಹೊರಟ ಹೆಣ್ಣು, ಎಲ್ಲರೂ ಅಲ್ಲಿ ನಿಲ್ಲಲೇಬೇಕಿತ್ತು. ಮಾತುಬಿಟ್ಟ ಅಣ್ಣತಮ್ಮಂದಿರೂ ಅಲ್ಲಿ ಒಂದೇ ಕಡ್ಡಿಯಲ್ಲಿ ಬೀಡಿ ಹಚ್ಚಿಕೊಳ್ಳುತ್ತಿದ್ದರು.

ಈಗ ಗಂಡ ಶಿವರಾಯ ಇಲ್ಲ. ಹಿಂಡು ಅಮೃತಬಾಯಿಯದು, ಸೊಸೆ ಭವಾನಿಯದು. ಎರಡು ತಿಂಗಳು ಜಹೀರಾಬಾದ್ ಕಡೆ ಮೇಯಿಸಿಕೊಂಡು ಇಬ್ಬರೂ ಮರಳಿ ಬಂದರೆ, ಗೇಟೇ ಇರಲಿಲ್ಲ. ಹಳಿಯುದ್ದಕ್ಕೂ ಗೋಡೆ ಎದ್ದಿತ್ತು. ಪಕ್ಕದಲ್ಲಿ ಹಳಿಯ ಕೆಳಗೆ ಇಳಿದುಹೋಗುವ ಹೊಸ ದಾರಿ. ಬೈಕುಗಳು ನಿಲ್ಲದೆ ಓಡುತ್ತಿದ್ದವು.

ಹಳಿಯಾಚೆ ಬಕ್ಕಪ್ಪನ ಹೊಲ. ತೊಗರಿ ಕೊಯ್ದ ಆ ಹೊಲದಲ್ಲಿ ಮೂರು ದಿನ ಕುರಿ ನಿಲ್ಲಿಸುವ ಮಾತಾಗಿತ್ತು. ಅವನಿಗೆ ಗೊಬ್ಬರ, ಕುರಿಗೆ ಮೇವು, ಇವರಿಗೆ ಮಳೆಗಾಲದವರೆಗಿನ ಜೋಳ. ಇವತ್ತು ಹೊತ್ತು ಮುಳುಗುವುದರೊಳಗೆ ಮುಟ್ಟದಿದ್ದರೆ ಬೇರೆ ಹಿಂಡು ಕರೆಯುತ್ತೇನೆ ಎಂದು ಅವನು ಖಡಾಖಂಡಿತವಾಗಿ ಹೇಳಿದ್ದ.

ಆದರೆ ಮುಂದಾಳು ಟಗರು ಕರ್ಯಾ ಗೇಟಿದ್ದ ಜಾಗದಲ್ಲಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿತು. ಅದರ ಹಿಂದೆ ನೂರಿಪ್ಪತ್ತು ಕುರಿ ನಿಂತವು. ಭವಾನಿ ಕೊಂಬು ಹಿಡಿದು ಜಗ್ಗಿದಳು, ಬೇವಿನ ಸೊಪ್ಪು ತೋರಿಸಿದಳು. ಊಹೂಂ.

“ಏನವ್ವಾ, ಟಗರಿಗೆ ಟಿಕೀಟ್ ತಗೊಂಡೀರೇನು?” ಬೈಕಿನವನೊಬ್ಬ ಕೂಗಿದ.

“ಹೂಂ ತಮ್ಮಾ, ನಿನ್ನ ಬಾಜೂ ಸೀಟೇ ಸಿಕ್ಕದ!” ಎಂದಳು ಅಮೃತಬಾಯಿ.

ತಪ್ಪು ಟಗರಿನದಲ್ಲ. ಹಿಂದೊಮ್ಮೆ ಏಳು ಕುರಿ ಗಾಡಿಗೆ ಸಿಕ್ಕಿದ್ದವು. ಆಮೇಲೆ ಶಿವರಾಯ ಕರ್ಯಾನನ್ನು ಮರಿಯಿಂದಲೇ ಪಳಗಿಸಿದ್ದ. ರೈಲು ಹೋಗಬೇಕು, ಗೇಟು ಕಾಯುವ ಶರಣಪ್ಪ ಒಂದು ಹಿಡಿ ಜೋಳ ಕೊಡಬೇಕು. ಅಲ್ಲಿಯವರೆಗೆ ಹೆಜ್ಜೆ ಕೀಳಬಾರದು.

ಆ ಶರಣಪ್ಪನೇ ಎದುರಿನ ಚಹಾದಂಗಡಿಯಿಂದ ಎದ್ದು ಬಂದ.

“ಯಾಕ ಅಮೃತಕ್ಕಾ, ಹಿಂಗ ನಿಂದರ್ಸೀರಿ?”

“ನಾ ಎಲ್ಲಿ ನಿಂದರ್ಸೀನ್ರಿ ಅಣ್ಣಾ! ನಿಮ್ಮ ಶಿಷ್ಯ ನಿಂತಾನ.”

“ಗೇಟೂ ನಾನೂ ಒಂದೇ ತಿಂಗಳದಾಗ ರಿಟೈರ್ ಆದೀವಿ. ಅದಕ್ಕ ಯಾರ ಹೇಳ್ಬೇಕು? ಜೋಳ ಇದ್ರ ಕೊಡ್ರಿ ಇಲ್ಲಿ.”

ಅವಳು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಕರ್ಯಾ ಅವನ ಅಂಗೈ ಮೂಸಿ, ಗುರುತು ಹಿಡಿದು, ಮತ್ತೆ ಗೋಡೆಯ ಕಡೆ ತಿರುಗಿತು.

ಶರಣಪ್ಪ ನಕ್ಕ. “ಗಾಡಿ ಹೋಗಿಲ್ಲಲ್ಲ! ಮೊದಲ ಗಾಡಿ, ಆಮ್ಯಾಲ ಜೋಳ.”

“ಗಾಡಿ ಯಾವಾಗ ಅದರಿ?”

“ಪ್ಯಾಸೆಂಜರ್ ಒಂದು ತಾಸಿಗದ. ಲೇಟ್ ಆಗದಿದ್ರ.”

“ಅತ್ತೀ, ಹೊತ್ತು ಇಳೀಲಾಕತ್ತದ. ಬಕ್ಕಪ್ಪ ಕಾಕಾ ಬ್ಯಾರೆ ಹಿಂಡ ಕರಸ್ತಾನ,” ಎಂದಳು ಭವಾನಿ.

“ಜಗ್ಗಿದ್ರ ಬರ್ತದೇನು? ಕೂಡು.”

ಅಮೃತಬಾಯಿ ಗೋಡೆಗೆ ಒರಗಿ ಕೂತಳು. ಶರಣಪ್ಪ ಚಹಾ ತರಿಸಿದ. ಕುರಿ ನೋಡಿ ಒಬ್ಬ ಬೈಕು ನಿಲ್ಲಿಸಿದ, ಅವನ ಹಿಂದೆ ಇನ್ನೊಬ್ಬ. ಟಿಕೀಟು ಕೇಳಿದವನೂ ತಿರುಗಿ ಬಂದು ಚಹಾದ ಬಸಿಗೆ ಕೈಚಾಚಿದ. ಅವನು ಮಿಲ್ಲಿನ ಜೈಪಾಲನ ಮಗನಂತೆ. ಅವನಜ್ಜ ಇದೇ ಗೇಟಿನಲ್ಲಿ ಶಿವರಾಯನ ಕೈಯಿಂದ ಕಂಬಳಿ ಕೊಂಡಿದ್ದ ಎಂದು ಅಮೃತಬಾಯಿ ಹೇಳಿದಾಗ, “ಆ ಕಂಬಳಿ ಇನ್ನೂ ಅದರಿ ಅವ್ವಾ,” ಎಂದ.

ಬಿಸಿಲು ಕೆಂಪಾಗುತ್ತ ಬಂತು. ಅಮೃತಬಾಯಿ ಆಗಾಗ ರಸ್ತೆಬದಿಯ ಹುಣಸೆಮರದ ನೆತ್ತಿಯ ಬಿಸಿಲು ನೋಡುತ್ತಿದ್ದಳು.

ಕೊನೆಗೆ ಗೋಡೆಯಾಚೆ ಗಾಡಿ ಧಡಧಡ ಹೋಯಿತು. ಕರ್ಯಾ ಕಿವಿ ನಿಮಿರಿಸಿತು. ಕೊನೆಯ ಡಬ್ಬಿಯ ಸದ್ದು ಅಡಗಿದ ಮೇಲೆ ಶರಣಪ್ಪ ಅಂಗೈ ಚಾಚಿದ. ಟಗರು ಜೋಳ ತಿಂದು ಮುಗಿಸಿ, ಮುಂದೆ ನಡೆದ ಅವನ ಬೆನ್ನಿಗೆ ಬಿದ್ದು ಹೊಸ ದಾರಿಗಿಳಿಯಿತು. ಹಿಂಡೆಲ್ಲ ಅದರ ಹಿಂದೆ ಸುರಿಯಿತು.

ಹೊಲ ಮುಟ್ಟಿದಾಗ ಸೂರ್ಯ ಮುಳುಗಿ ಬರೀ ಬೆಳಕು ಉಳಿದಿತ್ತು. ಬಕ್ಕಪ್ಪ ಫೋನು ಹಿಡಿದು ಬದುವಿನ ಮೇಲೆ ನಿಂತಿದ್ದ.

“ಏನಕ್ಕಾ, ಇಷ್ಟೊತ್ತು?”

“ಗೇಟ್ ಬಿದ್ದಿತ್ತಪ್ಪಾ.”

ಬಕ್ಕಪ್ಪ ತಲೆಯಾಡಿಸಿ, ಫೋನು ಜೇಬಿಗಿಟ್ಟು, ಬೇಲಿಯ ಮುಳ್ಳು ಸರಿಸಿದ. ಗೇಟಿಲ್ಲದ್ದು ಅವನಿಗೆ ನೆನಪಾಗುವಷ್ಟರಲ್ಲಿ ಕರ್ಯಾ ಹೊಲದ ನಡುವೆ ಕಾಲು ಮಡಿಚಿ ಮಲಗಿತ್ತು.