ಮೆಕ್ಯಾನಿಕ್ ಕಂಡರೆ ಆರುವ ದೀಪ

ಗಂಗಾಧರಯ್ಯನವರ ಕಾರಿನ ದೀಪಕ್ಕೆ ಮೆಕ್ಯಾನಿಕ್ ಕಂಡರೆ ನಾಚಿಕೆ. ಕಣಕಟ್ಟೆಯ ತೋಟದ ಮನೆಯಿಂದ ಹೊರಡುವಾಗ ಸ್ಟೀರಿಂಗಿನ ಹಿಂದೆ ಎಂಜಿನ್ ಚಿತ್ರದ ಆ ಹಳದಿ ದೀಪ ದೇವರ ಮುಂದಿನ ನಂದಾದೀಪದ ಹಾಗೆ ಉರಿಯುತ್ತಿತ್ತು. ಅರಸೀಕೆರೆಯ ಹನುಮಯ್ಯನ ಗ್ಯಾರೇಜಿನ ಬೋರ್ಡು ಕಂಡದ್ದೇ ಆರಿಹೋಗುತ್ತಿತ್ತು. ಉರಿಯುವಷ್ಟು ಹೊತ್ತು ಕಾರಿಗೆ ಎಳೆತವೇ ಇರುತ್ತಿರಲಿಲ್ಲ. ಒಂದು ಸಲ ಏರಿನಲ್ಲಿ ಹುಲ್ಲು ಹೇರಿದ ಎತ್ತಿನಗಾಡಿ ಅವರನ್ನು ದಾಟಿಕೊಂಡು ಹೋಯಿತು. ದಾಟಿದ್ದಕ್ಕೆ ಅವರಿಗೆ ಬೇಜಾರಿರಲಿಲ್ಲ. ಎಡಗಡೆಯ ಎತ್ತು ತಿರುಗಿ ನೋಡಿತಲ್ಲ, ಅದಕ್ಕೆ.

ಬೇರೆ ಕಾಲವಾಗಿದ್ದರೆ ಅವರೂ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಮಗಳು ಅಕ್ಷತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಹೊಟ್ಟೆಯಲ್ಲಿ ಮಗು ಅಡ್ಡ ಮಲಗಿತ್ತು. "ಆಪರೇಷನ್‌ಗೆ ದಿನ ಗೊತ್ತು ಮಾಡಿದೀನಿ. ಅದಕ್ಕೂ ಮುಂಚೆ ನೋವು ಬಂದ್ರೆ ಒಂದು ಗಳಿಗೆನೂ ತಡ ಮಾಡ್ಬೇಡಿ, ಮಗು ಉಳಿಯೋದು ಕಷ್ಟ" ಎಂದು ಅರಸೀಕೆರೆಯ ಡಾಕ್ಟರಮ್ಮ ಹೇಳಿದ್ದರು. ಆಮೇಲೆ ಒಂದು ದಿನ ತೋರಿಸಲು ಹೊರಟಾಗ ಕಾರು ಅದೇ ಏರಿನಲ್ಲಿ ಕೆಮ್ಮಿ ನಿಂತಿತು. ಅಕ್ಷತಾ ಹೊಟ್ಟೆ ಹಿಡಿದುಕೊಂಡು ಹುಣಸೆಮರದ ಕೆಳಗೆ ಕೂತಳು. 

ಆಂಬುಲೆನ್ಸಿಗೆ ಫೋನ್ ಮಾಡೋಣವೆಂದರೆ ತೋಟದ ಮನೆಯಲ್ಲಿ ಸಿಗ್ನಲ್ ಸಿಗಬೇಕಾದರೆ ನೀರಿನ ಟ್ಯಾಂಕ್ ಹತ್ತಬೇಕು. ಹತ್ತಿದರೂ ಗಾಳಿ ಪೂರ್ವದಿಂದ ಬೀಸುತ್ತಿರಬೇಕು. ಮಗಳನ್ನು ಅರಸೀಕೆರೆಯ ನೆಂಟರ ಮನೆಯಲ್ಲಿ ಇರಿಸೋಣವೆಂದರೆ ಹೆಂಡತಿ ಕಮಲಾಕ್ಷಮ್ಮ ಒಪ್ಪಲಿಲ್ಲ.

"ತವರುಮನೆ ಅಂತ ಒಂದು ಇರೋವಾಗ ಯಾರದೋ ಮನೇಲಿ ನೋವು ತಿನ್ನೋಕೆ ಬಿಡ್ತೀರೇನ್ರೀ? ಕಾರು ಐತಲ್ಲ."

"ಕಾರು ಐತೆ ಕಣೇ. ಅದೇ ನನ್ ಕಷ್ಟ."

ಕಮಲಾಕ್ಷಮ್ಮನೂ ಕೈಕಟ್ಟಿ ಕೂತವರಲ್ಲ. ಗಾಡಿಯ ಮುಂದೆ ಕಾಯಿ ಒಡೆಯುವುದು ಎಲ್ಲರೂ ಮಾಡುವ ಕೆಲಸ. ಇವರು ಒಡೆದ ಕಾಯಿಯ ನೀರನ್ನು ನೆಲಕ್ಕೆ ಬಿಡದೆ, ಮೂರೆಳೆ ವಿಭೂತಿ ಬಳಿದ ಬಾನೆಟ್ಟಿನ ನೆತ್ತಿಯಿಂದ, ಲಿಂಗಕ್ಕೆ ಎರೆದ ಹಾಗೆ ನಿಧಾನಕ್ಕೆ ಎರೆಯುತ್ತಿದ್ದರು. ದೀಪ ಬಂದರೆ ಹೋಗಲಿ ಅಂತ ಒಂದು ಕಾಯಿ. ಹೋದರೆ ಮತ್ತೆ ಬರದಿರಲಿ ಅಂತ ಇನ್ನೊಂದು. ತೋಟದ ತುಂಬ ತೆಂಗು ಇದ್ದುದರಿಂದ ಭಕ್ತಿಗೆ ಯಾವ ಕೊರತೆಯೂ ಇರಲಿಲ್ಲ.

ಹನುಮಯ್ಯ ತನ್ನ ಯಂತ್ರದ ವೈರನ್ನು ಕಾರಿಗೆ ಸಿಕ್ಕಿಸಿ ಪರೀಕ್ಷೆ ಮಾಡಿದ.

"ಇಲ್ಲಿ ಒಂದು ಸೆನ್ಸಾರ್ ಐತೆ ಯಜಮಾನ್ರೇ. ಎಂಜಿನ್‌ಗೆ ಎಷ್ಟು ಗಾಳಿ ಹೋಯ್ತು ಅಂತ ಲೆಕ್ಕ ಒಪ್ಸೋದು. ಅದು ಸುಳ್ ಹೇಳ್ತಾ ಐತೆ."

ಅದನ್ನು ಬದಲಾಯಿಸಿದ. ಹೊಸ ಸಾಮಾನು ಬಂತೆಂದು ಕಮಲಾಕ್ಷಮ್ಮ ಎರಡು ಕಾಯಿ ಒಡೆದರು. ಮಾರನೆಯ ಬೆಳಿಗ್ಗೆ ದೀಪ ಉರಿಯಿತು. ಹನುಮಯ್ಯ ವೈರ್ ಬದಲಾಯಿಸಿದ. ಮತ್ತೆ ಕಾಯಿ, ಮತ್ತೆ ದೀಪ.

"ಉರಿಯೋವಾಗ ತಗೊಂಡ್ ಬನ್ನಿ."

"ನಿನ್ ಬಾಗಿಲಿಗೆ ಬರೋವಷ್ಟರಲ್ಲಿ ಆರೋಗ್ತದಲ್ಲೋ."

"ಹಂಗಾದ್ರೆ ಆರಿರೋದಕ್ಕೆ ನಾನೇನ್ ರಿಪೇರಿ ಮಾಡ್ಲಿ ಹೇಳಿ."

ಬೇಲೂರಿನಲ್ಲಿ ದೇವರಾಜ್ ಎಂಬ ಮೆಕ್ಯಾನಿಕ್ ಇದ್ದಾನೆ, ಎಂಜಿನ್ನಿನ ಸದ್ದು ಕೇಳಿಯೇ ಓನರಿನ ಜಾತಕ ಹೇಳುತ್ತಾನೆ ಎಂದು ಯಾರೋ ಅಂದರು. ಗಂಗಾಧರಯ್ಯ ಹಳೇಬೀಡಿನ ಮೇಲೆ ಬೇಲೂರಿಗೆ ಹೋದರು. ದಾರಿಯಲ್ಲೇ ದೀಪ ಆರಿತು. ಕಣ್ಣಾರೆ ನೋಡಬೇಕೆಂದು ದೇವರಾಜ್ ಪಕ್ಕದಲ್ಲಿ ಕೂತ. ಹಳೇಬೀಡಿನವರೆಗೆ ರೆಪ್ಪೆ ಮಿಟುಕಿಸದೆ ದೀಪವನ್ನೇ ನೋಡಿದ. ವಾಪಸು ಬರುವಾಗ ನೋಡಿ ನೋಡಿ ನಿದ್ದೆಹೋದ. ಕಾರು ಮಾತ್ರ ರೇಸ್ ಕುದುರೆಯ ಹಾಗೆ ಓಡಿತು.

"ಗಾಡಿ ಚೆನ್ನಾಗೈತೆ. ನೀವೇ ಒಂದ್ಸಲ ಡಾಕ್ಟರಿಗೆ ತೋರಿಸ್ಕಳಿ" ಎಂದ ಇಳಿಯುವಾಗ.

ಗಂಗಾಧರಯ್ಯನವರಿಗೆ ಸಿಟ್ಟೂ ಬರಲಿಲ್ಲ. ಕಾರನ್ನು ಅತ್ತ ನಂಬುವ ಹಾಗಿಲ್ಲ, ಇತ್ತ ಬಿಡುವ ಹಾಗಿಲ್ಲ. ಊರಿಗೆ ಬರುವವರೆಗೂ ಆರಿದ ದೀಪದ ಕಪ್ಪು ಗಾಜಿಗೆ, "ನೋಡಪ್ಪ, ನಾನ್ ಒಬ್ನೇ ಇರೋವಾಗ ಎಷ್ಟ್ ಬೇಕಾದ್ರೂ ಉರಿ. ಮಗಳು ಕೂತಾಗ ಮಾತ್ರ ಬೇಡ" ಎಂದು ಹೇಳುತ್ತ ಬಂದರು. ಬೇಲೂರಿನಿಂದ ಸುಖವಾಗಿ ಬಂದರಲ್ಲ ಎಂದು ಕಮಲಾಕ್ಷಮ್ಮ ಸಂಜೆಯೇ ಕಾಯಿ ಒಡೆದರು.

ಮರುದಿನ ಬೆಳಿಗ್ಗೆ ಒಳಗಿನಿಂದ ಅಕ್ಷತಾ ಕೂಗಿದಳು. "ಅಪ್ಪಾಜಿ, ನೋವು."

ಡಾಕ್ಟರಮ್ಮ ಹೇಳಿದ ದಿನ ಇನ್ನೂ ದೂರವಿತ್ತು. ಗಂಗಾಧರಯ್ಯ ಪಂಚೆ ಎತ್ತಿಕಟ್ಟಿ ಓಡಿಹೋಗಿ ಕಾರ್ ಸ್ಟಾರ್ಟ್ ಮಾಡಿದರು. ದೀಪ ಉರಿಯಿತು. ಎಂಜಿನ್ ನಡುಗಿ, ಕೆಮ್ಮಿ, ನಿಂತುಹೋಯಿತು. ಇನ್ನೊಂದು ಸಲ ತಿರುಗಿಸಿದರು. ಮತ್ತೆ ಅದೇ.

ಅವರು ಇಳಿದು ಬಾನೆಟ್ಟಿನ ಮೇಲೆ ಹಣೆಯಿಟ್ಟರು. ದೇವರನ್ನು ಬೇಡಿಕೊಂಡರೋ ಬೈದರೋ, ಅವರಿಗೇ ತಿಳಿಯಲಿಲ್ಲ. ಕಣ್ಣು ಬಿಟ್ಟರೆ ಮೂಗಿನ ತುದಿಯಲ್ಲಿ ಇರುವೆ. ಒಂದಲ್ಲ, ಸಾಲು. ಟೈರು ಹತ್ತಿ, ಬಾನೆಟ್ಟಿನ ಮೇಲೆ ಸಾಗಿ, ಗಾಜಿನ ಬುಡದ ಸಂದಿಯೊಳಗೆ ಇಳಿಯುತ್ತಿದ್ದವು. ಒಳಗಿನಿಂದ ವಾಪಸು ಹೊರಟವು ಮಾತ್ರ ಹೊಟ್ಟೆ ಮುಂದೆ ಮಾಡಿಕೊಂಡು, ಮದುವೆ ಊಟ ಮುಗಿಸಿದವರ ಹಾಗೆ ಬರುತ್ತಿದ್ದವು. ಆ ಸಂದಿಗೆ ಹಿಂದೊಮ್ಮೆ ರಬ್ಬರಿನ ಪಟ್ಟಿ ಇತ್ತು. ಕಳೆದ ಬೇಸಿಗೆಯಲ್ಲಿ ಪಕ್ಕದ ತೋಟದ ಮೇಕೆ ಅದನ್ನು ತಿಂದು ಅರಗಿಸಿಕೊಂಡಿತ್ತು.

ಬಾನೆಟ್ ಎತ್ತಿದರು. ಇರುವೆಗಳು ಎಲ್ಲಿಯೂ ತಡಕಾಡದೆ ನೇರವಾಗಿ ಹೋಗಿ, ಹನುಮಯ್ಯ ಹೊಸದಾಗಿ ಹಾಕಿದ ಸೆನ್ಸಾರಿನ ಪ್ಲಗ್ಗಿನೊಳಗೆ ನುಗ್ಗುತ್ತಿದ್ದವು. ಪ್ಲಗ್ ಎಳೆದರು. ಒಳಗೆ ಒದ್ದೆ, ಅಂಟು. ಬೆರಳಿಗೆ ತಾಗಿದ್ದನ್ನು ನಾಲಿಗೆಗೆ ಮುಟ್ಟಿಸಿದರು. ಸಿಹಿ. ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದ ನಾಲಿಗೆ. ತಮ್ಮದೇ ತೋಟದ ಕಾಯಿನೀರು ಅಂತ ಹೇಳಿತು. ಬಾನೆಟ್ಟಿಗೆ ಎರೆದದ್ದೆಲ್ಲ ಆ ಸಂದಿಯಿಂದ ಇಲ್ಲಿಗೆ ಇಳಿದಿತ್ತು. ಎಂಜಿನ್ ಬಿಸಿಗೆ ಇದು ಒಣಗುವವರೆಗೆ ದೀಪ ಉರಿಯುತ್ತದೆ. ಒಣಗಿ ಆರುವ ಹೊತ್ತಿಗೆ ಹನುಮಯ್ಯನ ಬಾಗಿಲು ಬಂದಿರುತ್ತದೆ.

ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದರು, ಊದಿದರು, ಮತ್ತೆ ಒರೆಸಿ ಸಿಕ್ಕಿಸಿದರು. ಕಾರು ಸ್ಟಾರ್ಟ್ ಆಯಿತು. ದೀಪ ಒಂದು ಕ್ಷಣ ಯೋಚಿಸಿ ಆರಿತು. ಬಾನೆಟ್ ಮುಚ್ಚಿ ತಿರುಗಿದರೆ ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ ಕಮಲಾಕ್ಷಮ್ಮ ಆಗಲೇ ಒಡೆದ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನಿಂತಿದ್ದರು.

"ಎರೀಬೇಡ ಕಣೇ."

"ಇವತ್ತು ಎರೀದೆ ಇನ್ಯಾವತ್ತು ಎರೀಲಿ?" ಅವರು ಒಂದು ಹೆಜ್ಜೆ ಮುಂದೆ ಬಂದರು. "ಮಗಳ ಜೀವದ ಮಾತು ಕಣ್ರೀ."

ನಿನ್ನ ಕಾಯಿಯಿಂದಲೇ ಇಷ್ಟೆಲ್ಲ ಆದದ್ದು ಎಂಬ ಮಾತು ಗಂಗಾಧರಯ್ಯನವರ ಬಾಯಿಯವರೆಗೆ ಬಂತು. ಹೆಂಡತಿಯ ಮುಖ ನೋಡಿದರು. ಆ ಮಾತು ಬಿದ್ದರೆ ಹೆಂಗಸು ಅಲ್ಲೇ ಕುಸಿಯುತ್ತಾಳೆ ಅನ್ನಿಸಿತು. ಅವರು ಬಾನೆಟ್ಟಿಗೆ ಅಡ್ಡ ನಿಂತು ತಲೆ ಬಗ್ಗಿಸಿದರು.

"ಕಾರು ತಾನಾಗೇ ಹೋಗ್ತದೇನೇ? ಓಡ್ಸೋನು ನಾನು. ನನಗೇ ಎರಿ."

ಕಮಲಾಕ್ಷಮ್ಮ ಅವರ ನೆತ್ತಿಯ ಮೇಲೆ ಎರೆದರು.

ಗಂಗಾಧರಯ್ಯ ನೆತ್ತಿಯಿಂದ ತೊಟ್ಟಿಕ್ಕುತ್ತ ಗಾಡಿ ಬಿಟ್ಟರು. ಹಿಂದೆ ಮಗಳು ನರಳುತ್ತಿದ್ದಳು. ದಾರಿತಪ್ಪಿ ಬಂದ ಇರುವೆಗಳು ಅವರ ಕಿವಿಯಲ್ಲಿ ದಾರಿ ಹುಡುಕುತ್ತಿದ್ದವು. ಏರು ಬಂತು. ಹುಣಸೆಮರ ಬಂತು. ಅಷ್ಟರಲ್ಲಿ ಎದುರಿಗೆ ಹಳದಿ ದೀಪ ಹತ್ತಿತು.

ಅವರ ಎದೆ ನಿಂತಿತು. ಕಾರು ನಿಲ್ಲಲಿಲ್ಲ. ಕಣ್ಣೊಳಗೆ ಇಳಿದ ಕಾಯಿನೀರು ಒರೆಸಿ ನೋಡಿದರೆ ಅದು ಬೇರೆ ದೀಪ, ಪೆಟ್ರೋಲಿನದು. ಬೇಲೂರಿನ ಸವಾರಿಯಲ್ಲಿ ಟ್ಯಾಂಕು ಬರಿದಾಗಿತ್ತು. ಪೆಟ್ರೋಲ್ ಮುಗಿಯುತ್ತಿದೆ ಎಂದು ಇಷ್ಟು ಸಂತೋಷಪಟ್ಟ ಮನುಷ್ಯ ಅರಸೀಕೆರೆ ತಾಲೂಕಿನಲ್ಲಿ ಆ ಮೊದಲು ಹುಟ್ಟಿರಲಿಲ್ಲ. ಏರು ಹತ್ತಿ, ಇಳಿಜಾರಿನಲ್ಲಿ ಉಸಿರು ಬಿಟ್ಟು, ಆಸ್ಪತ್ರೆಯ ಬಾಗಿಲಿನಲ್ಲಿ ಕಾರು ತಾನಾಗಿಯೇ ನಿಂತಿತು. ಆಮೇಲೆ ಅದು ಅಲುಗಾಡಲಿಲ್ಲ.

ಆಪರೇಷನ್ ಮುಗಿಸಿ ಬಂದ ಡಾಕ್ಟರಮ್ಮ, "ಇನ್ನೊಂದ್ ಸ್ವಲ್ಪ ತಡ ಆಗಿದ್ರೆ ನನ್ ಕೈಲಿ ಆಗ್ತಿರ್ಲಿಲ್ಲ. ಹೆಣ್ಣುಮಗು, ಇಬ್ಬರೂ ಚೆನ್ನಾಗಿದಾರೆ" ಎಂದರು. ಆಮೇಲೆ ಗಂಗಾಧರಯ್ಯನವರನ್ನು ಮೇಲಿನಿಂದ ಕೆಳಗೆ ನೋಡಿ, "ಯಾಕ್ರೀ ನಿಮಗೆ ಇಷ್ಟೊಂದು ಇರುವೆ?" ಎಂದು ಕೇಳಿದರು. ಅವರು ಗೋಡೆಗೆ ಒರಗಿ ಅತ್ತರು.

"ನೋಡಿದ್ರಾ? ಕಾಯಿ ಒಡೆದಿದ್ದಕ್ಕೆ ದೇವರು ಕೈ ಬಿಡ್ಲಿಲ್ಲ" ಎಂದರು ಕಮಲಾಕ್ಷಮ್ಮ.

"ಹೂಂ ಕಣೇ."

ಬಾಣಂತಿಯನ್ನು ಮನೆಗೆ ಕರೆದೊಯ್ಯುವ ದಿನ ಕಮಲಾಕ್ಷಮ್ಮ ಕಾಯಿ ಹಿಡಿದು ಆಸ್ಪತ್ರೆಯ ಮೆಟ್ಟಿಲು ಇಳಿದು ಬಂದರು. ಗಂಗಾಧರಯ್ಯ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಕಾರಿನ ಮುಂದೆ ಹೋಗಿ ತಲೆ ಬಗ್ಗಿಸಿ ನಿಂತರು.