ಚಪ್ಪಲಿ ಕಾಯುವವಳು

ಅಜ್ಜಿಯ ಕಥೆಯ ರಾಕ್ಷಸ ತನ್ನ ಜೀವವನ್ನು ಗಿಳಿಯೊಳಗಿಟ್ಟು, ಗಿಳಿಯನ್ನು ಪಂಜರದಲ್ಲಿಟ್ಟು, ಪಂಜರವನ್ನು ಸಮುದ್ರದಾಚೆ ಬಚ್ಚಿಟ್ಟಿದ್ದ. ಆಮೇಲೆ ಅವನು ಎಂತ ಮಾಡುತ್ತಿದ್ದ ಎಂದು ನಾನು ಕೇಳಿದರೆ, "ಎಂತ ಮಾಡುವುದು? ಗಿಳಿ ಹುಷಾರುಂಟಾ ಎಂದು ನೋಡುತ್ತಿದ್ದ" ಎನ್ನುತ್ತಿದ್ದರು ಅಜ್ಜಿ.

ನಮ್ಮ ಅಲೆವೂರಿನ ಮನೆಯಲ್ಲಿ ಆ ಗಿಳಿ ನಳಿನಾಕ್ಷಿ ಚಿಕ್ಕಮ್ಮನ ಎದೆಯಲ್ಲಿತ್ತು. ಅವಳು ಚಿಕ್ಕವಳಿದ್ದಾಗ ಜ್ವರಕ್ಕೆಂದು ಉಡುಪಿಗೆ ಕರೆದುಕೊಂಡು ಹೋದರೆ, ವೈದ್ಯರು ಎದೆಗೆ ಕೊಳವೆಯಿಟ್ಟು, ಹೃದಯದಲ್ಲೊಂದು ಸದ್ದುಂಟು, ಜ್ವರ ಬಿಟ್ಟ ಮೇಲೆ ಇನ್ನೊಮ್ಮೆ ಕರೆತನ್ನಿ ಎಂದಿದ್ದರಂತೆ. ಇನ್ನೊಮ್ಮೆ ಹೋದರೆ ಇನ್ನೇನು ಹೇಳುತ್ತಾರೋ ಎಂದು ಹೆದರಿ ಅಜ್ಜಿ ಕರೆದೊಯ್ಯಲೇ ಇಲ್ಲ. ಬದಲಿಗೆ ಜೋಪಾನ ಮಾಡಿದರು. ಚಿಕ್ಕಮ್ಮ ಬಾವಿಯಿಂದ ನೀರು ಸೇದಲಿಲ್ಲ. ಕಾಪುವಿನಿಂದ ಬಂದ ಸಂಬಂಧಕ್ಕೆ ಅಜ್ಜಿಯೇ ಹೃದಯದ ವಿಷಯ ಹೇಳಿ ಕಳಿಸಿದರು. ಶಾಲೆಯಿಂದ ಕಾರ್ಕಳದ ಗೊಮ್ಮಟಬೆಟ್ಟಕ್ಕೆ ಹೋದಾಗಲೂ ಅವಳು ಎಲ್ಲರ ಚಪ್ಪಲಿ ಕಾಯುತ್ತ ಕೆಳಗೇ ಕೂತಿದ್ದಳಂತೆ.

ಎಂಬತ್ತಮೂರನೇ ಇಸವಿಯಲ್ಲಿ ಚಿಕ್ಕಮ್ಮ ಹಲ್ಲು ಕೀಳಿಸಲು ಮಣಿಪಾಲಕ್ಕೆ ಹೋದಾಗ, ಹೃದಯದ ಸುದ್ದಿ ಕೇಳಿದ ಅಲ್ಲಿಯವರು ಮೊದಲು ಅದನ್ನು ಪರೀಕ್ಷೆ ಮಾಡಿಸಿ ಎಂದರು. ಪರೀಕ್ಷೆ ಮಾಡಿದ ಡಾಕ್ಟರು ನಕ್ಕರು. ಎಂತದ್ದೂ ಇಲ್ಲ, ಮಕ್ಕಳಿಗೆ ಜ್ವರದಲ್ಲಿ ಹಾಗೆ ಸದ್ದು ಕೇಳುವುದುಂಟು, ಅದು ಆ ಜ್ವರದೊಟ್ಟಿಗೇ ಹೋಗಿರಬೇಕು ಎಂದರು.

ಪಂಜರ ತೆರೆದರೆ ಒಳಗೆ ಗಿಳಿಯೇ ಇರಲಿಲ್ಲ. ಚಿಕ್ಕಮ್ಮನ ಕೂದಲು ಕಿವಿಯ ಬಳಿ ಬೆಳ್ಳಗಾಗಿತ್ತು.

ಮನೆಯಲ್ಲಿ ಪಾಯಸ ಮಾಡಿದೆವು. ಅವಳು ಸಾವಾದ ಮನೆಗೆ ಬಂದವಳ ಹಾಗೆ ಕೂತಿದ್ದಳು. ಅಜ್ಜಿ ಅವಳ ಮುಖ ನೋಡಲಿಲ್ಲ.

ನಾನೇ ಹಟ ಹಿಡಿದು ಇಬ್ಬರನ್ನೂ ಕಾರ್ಕಳಕ್ಕೆ ಹೊರಡಿಸಿದೆ. ಬೆಟ್ಟದ ಬುಡದಲ್ಲಿ ಚಿಕ್ಕಮ್ಮ ಚಪ್ಪಲಿ ಕಳಚಿ, ನಮ್ಮದನ್ನೂ ಜೋಡಿಸಿಟ್ಟು, ಪಕ್ಕದಲ್ಲಿ ಕೂತೇಬಿಟ್ಟಳು.

"ಹೃದಯ ಸರಿ ಉಂಟಲ್ವಾ, ಚಿಕ್ಕಮ್ಮ?" ಎಂದೆ.

"ಅದೇ ಮಾರಾಯ್ತಿ ತೊಂದರೆ. ಇಷ್ಟು ವರ್ಷ ಬೇಡ ಎಂದದ್ದು ಹೃದಯ. ಇವತ್ತು ಹತ್ತದಿದ್ದರೆ, ಬೇಡ ಎಂದವಳು ನಾನೇ ಆಗುತ್ತೇನೆ."

"ಹತ್ತಿದರೆ?"

"ಹತ್ತಿದರೆ, ಆಗಲೂ ಹತ್ತಬಹುದಿತ್ತು ಎಂದಾಗುತ್ತದೆ."

ಅಜ್ಜಿ ಎಲ್ಲ ಕೇಳಿಸಿಕೊಂಡರು. ಮೊಣಕಾಲು ಹಿಡಿದುಕೊಂಡು ಮೆಲ್ಲ ಬಗ್ಗಿ, ಚಪ್ಪಲಿಗಳ ಇನ್ನೊಂದು ಬದಿಗೆ ಕೂತರು.

"ಏಳು ಮಗಾ. ಇದನ್ನು ಕಾಯಬೇಕಾದವಳು ನಾನು."

ಚಿಕ್ಕಮ್ಮ ತುಂಬ ಹೊತ್ತು ಎದುರಿನ ಮೆಟ್ಟಿಲುಗಳನ್ನೇ ನೋಡಿ, ಎದ್ದಳು. ಹತ್ತುವಾಗ ಅಭ್ಯಾಸದಂತೆ ಒಂದು ಕೈ ಎದೆಯ ಮೇಲೆಯೇ ಇತ್ತು. ಅರ್ಧಕ್ಕೆ ಬರುವಾಗ ಅವಳಿಗೆ ಏದುಸಿರು ಬಂತು, ನನಗೂ ಬಂತು. ಅವಳು ನನ್ನ ಏದುಸಿರನ್ನು ಗಮನವಿಟ್ಟು ಕೇಳಿಸಿಕೊಂಡಳು.

ನಾನು ತಿರುಗಿ ನೋಡಿದೆ. ಅಜ್ಜಿ ನಮ್ಮತ್ತ ನೋಡುತ್ತಿರಲಿಲ್ಲ. ಮಗಳ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಅವುಗಳ ಮಣ್ಣು ಒರೆಸುತ್ತಿದ್ದರು.