ಮೂವತ್ತನೇ ಪುಟದ ಮಾವಿನಕಾಯಿ

ಒಳ್ಳೆಯ ಪತ್ತೇದಾರಿ ಕಾದಂಬರಿ ಓದಿ ಮುಗಿಸಿ, ಅದರ ಬಗ್ಗೆ ಮಾತಾಡಲು ಯಾರೂ ಸಿಗದಿದ್ದರೆ ಬಾಯಲ್ಲಿ ಬಿಸಿ ಬೋಂಡ ಇಟ್ಟುಕೊಂಡ ಹಾಗೆ. ನುಂಗಲೂ ಆಗದು, ಉಗುಳಲೂ ಆಗದು. ಬಸವೇಶ್ವರನಗರದ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನ್ನ ಪಾಡು ಅದೇ.

ನನಗೆ ಪ್ರಾಣವಾದ ಕಾದಂಬರಿಯೊಂದಿದೆ. ಹಳೇ ಬಂಗಲೆಯ ಪುಸ್ತಕದ ಕೋಣೆಯಲ್ಲಿ ಯಜಮಾನನ ಹೆಣ. ಆ ಪುಣ್ಯಾತ್ಮ ಊರವರ ಗುಟ್ಟುಗಳನ್ನೆಲ್ಲ ಪುಸ್ತಕಗಳೊಳಗೆ ಬಚ್ಚಿಟ್ಟು ಅವರನ್ನು ಹೆದರಿಸುತ್ತಿದ್ದ. ಕೊಂದದ್ದು ಪುಸ್ತಕ ಜೋಡಿಸುವ ಹೆಂಗಸು. ಅವಳು ಮಾಡಿದ್ದು ಸರಿಯೋ ತಪ್ಪೋ ಎಂದು ಯಾರ ಜೊತೆಗಾದರೂ ಕಿತ್ತಾಡಬೇಕೆಂದು ಜೀವ ಒದ್ದಾಡುತ್ತಿತ್ತು. ಗಂಡ ಶ್ರೀಶನಿಗೆ ಓದಲು ಹೇಳಿದೆ. "ಸಿನಿಮಾ ಬಂದ್ರೆ ಹೇಳು" ಎಂದ. ಅತ್ತೆ ಪುಟ್ಟಲಕ್ಷ್ಮಿಯವರ ಮುಂದೆ ಹಿಡಿದೆ.

"ರಾಮ ರಾಮ! ನಾನು ಭಾಗವತ ಬಿಟ್ಟು ಬೇರೆ ಮುಟ್ಟಲ್ಲಮ್ಮ."

ಆಹಾ, ಎಂಥಾ ಭಕ್ತಿ!

ಬಾಡಿಗೆಗೆ ತಂದಿದ್ದ ಆ ಪುಸ್ತಕ ಹಿಂದಿರುಗಿಸಲು ಗೋವಿಂದರಾಜನಗರದ ಬಾಡಿಗೆ ಲೈಬ್ರರಿಗೆ ಹೋದಾಗ, ಮೂವತ್ತನೇ ಪುಟದ ಮೂಲೆಯ ಪೆನ್ಸಿಲ್ ಗೀಚುಗಳೇನೆಂದು ಅಂಗಡಿಯ ವೆಂಕಟರಮಣಪ್ಪನವರನ್ನು ಕೇಳಿದೆ.

"ಓದಿದ್ದನ್ನೇ ಮತ್ತೆ ತಗೊಂಡು ಹೋಗ್ಬಾರ್ದು ಅಂತ ಹೆಂಗಸ್ರು ಹಾಕೋ ಗುರುತಮ್ಮ. ಒಬ್ಬೊಬ್ರದ್ದು ಒಂದೊಂದು."

ನಕ್ಷತ್ರ, ಮೀನು, ಅವುಗಳ ನಡುವೆ ಎರಡೆಲೆಯ ಮಾವಿನಕಾಯಿ! ಪಕ್ಕದ ಮನೆಗೆ ಹೋಗುವ ಉಪ್ಪಿನಕಾಯಿ ಜಾಡಿ ಅದಲುಬದಲಾಗದಿರಲೆಂದು ನಮ್ಮತ್ತೆ ಅದರ ಮೇಲೆ ಬರೆಯುವುದೂ ಇದನ್ನೇ. ಪತ್ತೇದಾರಿ ಕಪಾಟನ್ನೆಲ್ಲ ಜಾಲಾಡಿದೆ. ಮೂವತ್ತನೇ ಪುಟಗಳಲ್ಲಿ ಮಾವಿನ ತೋಪೇ ಇತ್ತು.

ನೇರವಾಗಿ ಕೇಳಿದರೆ ಅತ್ತೆ ಒಪ್ಪುವ ಪೈಕಿಯಲ್ಲ. ಭಾನುವಾರ ಊಟಕ್ಕೆ ಕೂತಾಗ ಶ್ರೀಶನಿಗೆ ಹೇಳುವವಳಂತೆ ಗಟ್ಟಿಯಾಗಿ ಹೇಳಿದೆ.

"ಆ ಕಾದಂಬರೀಲಿ ಕೊಲೆ ಮಾಡಿದ್ದು ಮಾಲಿ ಕಣ್ರೀ."

ಹುಳಿ ಬಡಿಸುತ್ತಿದ್ದ ಅತ್ತೆಯ ಸೌಟು ನಿಂತಿತು. ತುಟಿ ಕಚ್ಚಿಕೊಂಡರು. ಪಾಪ, ತಡೆಯಲಾಗಲಿಲ್ಲ.

"ಮಾಲಿ ಹೇಗೇ ಮಾಡ್ತಾನೆ? ಅವ್ನು ಯಜಮಾನನಿಗಿಂತ ಮುಂಚೇನೇ ಸತ್ತಿರ್ತಾನಲ್ಲ!"

ಶ್ರೀಶ ಕಣ್ಣು ಬಿಟ್ಟ. "ಅಮ್ಮಾ, ಇದು ಭಾಗವತದಲ್ಲಿ ಬರುತ್ತಾ?"

"ನೀನು ಸುಮ್ನೆ ಹಪ್ಪಳ ತಿನ್ನೋ" ಎಂದು ಗದರಿ, ಅತ್ತೆ ಸೌಟು ಹಿಡಿದೇ ನನ್ನ ಪಕ್ಕ ಕೂತರು. "ಆ ಹೆಂಗಸು ಮಾಡಿದ್ದು ಸರಿಯಾಗೇ ಇದೆ ಕಣೇ. ಯಾರಿಗಾದ್ರೂ ಹೇಳ್ಬೇಕು ಅಂತ ಎಷ್ಟು ವರ್ಷದಿಂದ ಕಾಯ್ತಿದ್ದೆ ಗೊತ್ತಾ?"

"ಇಲ್ಲ ಅತ್ತೆ, ಪೂರ್ತಿ ತಪ್ಪು!" ಎಂದೆ. ನನಗೂ ಸರಿಯೆಂದೇ ಅನಿಸಿತ್ತು. ಆದರೆ ಇಷ್ಟು ಕಾದು ಸಿಕ್ಕ ಜಗಳವನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ?